ಇಪ್ಪತ್ತಕ್ಕೂ ಐವತ್ತಕ್ಕೂ ನಡುವೆ ಅನಾಥವಾಗುವ ಗಾಡಿಗಳು

ನಾನು ಸರ್ಕಾರಿ ಸೇವೆಯಿಂದ ನಿವೃತ್ತನಾದದ್ದು 2019ರಲ್ಲಿ. ಅದೇ ವರ್ಷ ಅಣ್ಣಿಗೇರಿಯ ಪರಿಚಿತ ಹತ್ತಿ ವ್ಯಾಪಾರಿಯೊಬ್ಬರ ಮನೆಗೆ ಹೋಗಿದ್ದಾಗ, ಹಿತ್ತಲಿನಲ್ಲಿ ಕಣಕಿಯ ಬಣವೆಯ ಪಕ್ಕ, ತಗಡಿನ ಶೆಡ್ಡಿನ ಕೆಳಗೆ ಒಂದು ಕಾರು ನಿಂತಿರುವುದನ್ನು ಕಂಡೆ. 1966ರ ಫಿಯಟ್ 1100 ಡಿಲೈಟ್. ನಾಲ್ಕೂ ಚಕ್ರಗಳು ಎರೆಮಣ್ಣಿನಲ್ಲಿ ಅರ್ಧ ಹೂತಿದ್ದವು. ಹಿಂದಿನ ಸೀಟಿನ ತೆಂಗಿನ ನಾರಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ವ್ಯಾಪಾರಿಯ ತಂದೆ ಹತ್ತಿಯ ಸುಗ್ಗಿಯಲ್ಲಿ ಹುಬ್ಬಳ್ಳಿಯ ಪೇಟೆಗೂ ಗದಗಿಗೂ ಓಡಾಡಿದ್ದು ಅದೇ ಕಾರಿನಲ್ಲಿ. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಗುಜರಿಯವನು ಕಿಲೋ ಲೆಕ್ಕದಲ್ಲಿ ದರ ಹೇಳಿ ಹೋಗಿದ್ದ; ಮರುದಿನ ಬಂದು ಒಯ್ಯುವವನಿದ್ದ. ನಾನು ಅದೇ ದರಕ್ಕೆ ಸ್ವಲ್ಪ ಹೆಚ್ಚು ಸೇರಿಸಿ ಕೊಂಡೆ. ಮನೆಯಲ್ಲಿ ಇದಕ್ಕೆ ಯಾರ ಸಮ್ಮತಿಯೂ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಈ ವಯಸ್ಸಿನಲ್ಲಿ ಇಂಥ ಹವ್ಯಾಸವೇಕೆ ಎಂದು ಕೇಳಿದವರಿಗೆ ಆಗ ಏನೋ ಒಂದು ಉತ್ತರ ಹೇಳಿದ್ದೆ. ನಿಜವಾದ ಕಾರಣ ಬೇರೆ. ಸೇವೆಯ ಆರಂಭದ ವರ್ಷಗಳಲ್ಲಿ ನಾನಿದ್ದ ಒಂದು ಕಚೇರಿಯ ಹಿಂಭಾಗದಲ್ಲಿ ಹಳೆಯ ವಿಲ್ಲಿಸ್ ಜೀಪೊಂದು ನಿಂತಿತ್ತು. ಬರಗಾಲದಲ್ಲಿ ಕಾಮಗಾರಿ ತಪಾಸಣೆಗೆ, ಚುನಾವಣೆಯಲ್ಲಿ ಮತಪೆಟ್ಟಿಗೆಗಳಿಗೆ, ಬೆಣ್ಣೆಹಳ್ಳ ಉಕ್ಕಿದಾಗ ಜನರನ್ನು ಸಾಗಿಸುವುದಕ್ಕೆ ದುಡಿದಿದ್ದ ಗಾಡಿ ಅದು. ನಿರುಪಯುಕ್ತ ವಾಹನಗಳ ಹರಾಜಿನ ಪಟ್ಟಿ ನನ್ನ ಮುಂದೆ ಬಂದಾಗ ಓದದೆಯೇ ಸಹಿ ಮಾಡಿದೆ. ಮರುವಾರ ಜೀಪಿನ ಜಾಗದಲ್ಲಿ ಎಣ್ಣೆಯ ಕಲೆಯೊಂದೇ ಉಳಿದಿತ್ತು. ನಿಯಮದ ಪ್ರಕಾರ ನಾನು ಮಾಡಿದ್ದು ಸರಿಯೇ ಇತ್ತು. ಆದರೆ ಅಣ್ಣಿಗೇರಿಯ ಹಿತ್ತಲಿನಲ್ಲಿ ನಿಂತಾಗ ನೆನಪಾದದ್ದು ಆ ಎಣ್ಣೆಯ ಕಲೆ.

ಇಂದಿನ ಯುವಕರಿಗೆ ಈ ಕಾರಿನ ಬೆಲೆ ತಿಳಿಯಬೇಕಾದರೆ ಅಂದಿನ ಅರ್ಥವ್ಯವಸ್ಥೆಯನ್ನು ನೆನಪಿಸಿಕೊಳ್ಳಬೇಕು. 1953ರ ಸುಂಕ ಆಯೋಗದ ವರದಿಯ ನಂತರ, ಬಿಡಿಭಾಗಗಳನ್ನು ಹೊರಗಿನಿಂದ ತಂದು ಇಲ್ಲಿ ಕೇವಲ ಜೋಡಿಸುತ್ತಿದ್ದ ವಿದೇಶಿ ಕಂಪನಿಗಳು ದೇಶ ಬಿಟ್ಟವು. ಉಳಿದದ್ದು ಅಂಬಾಸಡರ್, ಫಿಯಟ್ ಮತ್ತು ಸ್ಟ್ಯಾಂಡರ್ಡ್ ಎಂಬ ಮೂರು ಹೆಸರುಗಳು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೂ ಕಾರು ಬೇಕೆಂದವರು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ಅಭಾವ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅರ್ಥಶಾಸ್ತ್ರ ಓದಿದ ಯಾರೂ ಹೇಳಲಾರರು. ಆದರೆ ಆ ಅಭಾವವೇ ಈ ದೇಶದಲ್ಲಿ ದುರಸ್ತಿಯ ಸಂಸ್ಕೃತಿಯೊಂದನ್ನು ಬೆಳೆಸಿತು. ಹೊಸದು ಸಿಗದಿದ್ದಾಗ ಹಳೆಯದನ್ನು ಬಾಳಿಸಲೇಬೇಕು. ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಆಸುಪಾಸಿನ ಗ್ಯಾರೇಜುಗಳಲ್ಲಿ, ಲೇಥ್ ಅಂಗಡಿಗಳಲ್ಲಿ, ಶಾಲೆಯ ಮೆಟ್ಟಿಲು ಹತ್ತದವರು ಕೂಡ ಈ ವಿದ್ಯೆಯನ್ನು ಕೈಯಿಂದ ಕೈಗೆ ದಾಟಿಸಿದರು.

ನನ್ನ ಕಾರನ್ನು ಎಬ್ಬಿಸಿದವರು ಅಂಥವರಲ್ಲಿ ಒಬ್ಬರು. ನವಲಗುಂದದ ಈ ಹಿರಿಯ ಮಿಸ್ತ್ರಿಗೆ ಎಪ್ಪತ್ತು ದಾಟಿದೆ. ಕಾರನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೇರಿಕೊಂಡು ಹೋದ ದಿನ ಅವರು ಬಾನೆಟ್ ಎತ್ತಿ, ಒಂದೆರಡು ನಿಮಿಷ ಸುಮ್ಮನೆ ನೋಡಿ, 'ಸಾಹೇಬ್ರ, ಗಾಡಿ ಸತ್ತಿಲ್ಲರಿ, ಮಕ್ಕೊಂಡೈತಿ' ಎಂದರು. ಮೂರು ವರ್ಷ ಹಿಡಿಯಿತು. 1089 ಸಿಸಿಯ ಆ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಶತ್ರುವಾಗಿದ್ದದ್ದು ನಮ್ಮ ಭಾಗದ ಸವಳು ನೀರು. ರೇಡಿಯೇಟರಿಗೆ ಬಾವಿಯ ನೀರನ್ನೇ ಹಾಕುತ್ತ ಬಂದುದರಿಂದ ಅಲ್ಯುಮಿನಿಯಂ ಹೆಡ್ಡಿನೊಳಗಿನ ನೀರಿನ ದಾರಿಗಳು ಸವೆದು ಹೋಗಿದ್ದವು. ಎರಡನೆಯ ಶತ್ರು ಎರೆಮಣ್ಣು. ಮಳೆಗಾಲದಲ್ಲಿ ಅದು ಮಡ್ಗಾರ್ಡಿನ ಒಳಮೈಗೆ ಅಂಟಿದರೆ ತಿಂಗಳುಗಟ್ಟಲೆ ತೇವ ಬಿಡುವುದಿಲ್ಲ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ತಗಡು ತುಕ್ಕಿಗೆ ಆಹಾರವಾಗುತ್ತದೆ.

ಮಿಸ್ತ್ರಿ ಹೆಡ್ಡಿಗೆ ಬೆಸುಗೆ ತುಂಬಿಸಿ ಹುಬ್ಬಳ್ಳಿಯಲ್ಲಿ ಸಮತಟ್ಟು ಮಾಡಿಸಿದರು. ಸೋಲೆಕ್ಸ್ ಕಾರ್ಬ್ಯುರೇಟರನ್ನು ಬಿಚ್ಚಿ, ಅದರ ಜೆಟ್ಟುಗಳನ್ನು ಬೆಳಕಿಗೆ ಹಿಡಿದು, ಒಂದೊಂದನ್ನೂ ಊದಿ ಶುದ್ಧಗೊಳಿಸಿದರು. ಸ್ಟಿಯರಿಂಗಿನ ಪಕ್ಕದ ಗೇರ್ ಸನ್ನೆಯ ಸವೆದ ಬುಷ್‌ಗಳನ್ನು ಹಿತ್ತಾಳೆಯಲ್ಲಿ ಕಡೆಸಿದರು. ಸಿಗದ ಭಾಗಗಳಿಗಾಗಿ ಮುಂಬೈಯ ಹಳೆಯ ಬಿಡಿಭಾಗದ ಪೇಟೆಗೆ ನಾನೇ ಎರಡು ಬಾರಿ ಹೋಗಿ ಬಂದೆ. ಟಿಂಕರಿಂಗ್ ಮಾಡುವವರು ಮಾತ್ರ ತಾಲ್ಲೂಕಿನಲ್ಲಿ ಸಿಗಲಿಲ್ಲ. ಈಗಿನ ಹುಡುಗರು ಬಾಗಿಲು ನೆಗ್ಗಿದರೆ ಹೊಸ ಬಾಗಿಲು ತರಿಸುತ್ತಾರೆ. ತಗಡನ್ನು ಸುತ್ತಿಗೆಯಿಂದ ಬಡಿದು ಮೂಲದ ಬಾಗನ್ನು ಮರಳಿ ತರುವ ಕೈ ಅಪರೂಪವಾಗಿದೆ. ಕೊನೆಗೆ ಕಲಘಟಗಿಯ ಕಡೆಯ ಒಬ್ಬರು ಬಂದು ಎರಡು ತಿಂಗಳು ಅಲ್ಲಿಯೇ ಉಳಿದು ಕೆಲಸ ಮುಗಿಸಿಕೊಟ್ಟರು.

ಈಗ ಕಾರು ಓಡುತ್ತದೆ. ಆದರೆ ಅದನ್ನು ಓಡಿಸುವುದಕ್ಕಿಂತ ಇರಿಸಿಕೊಳ್ಳುವುದೇ ಕಷ್ಟ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಕಬ್ಬು, ಮೆಕ್ಕೆಜೋಳ ಬೆಳೆಯುವ ನಮ್ಮ ಭಾಗದ ರೈತನಿಗೆ ಅದರಿಂದ ಲಾಭವಿದೆ, ದೂರುವುದು ಸಲ್ಲ. ಆದರೆ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ಹಾಗಾಗಿ ಪೆಟ್ರೋಲ್ ಪೈಪುಗಳನ್ನೂ ಪಂಪಿನ ಪೊರೆಯನ್ನೂ ಬದಲಿಸಿದ್ದೇವೆ. ಮಳೆಗಾಲದಲ್ಲಿ ಕಾರು ನಿಲ್ಲಿಸುವ ಮುನ್ನ ಟ್ಯಾಂಕ್ ಬರಿದು ಮಾಡುತ್ತೇವೆ.

ಇದೆಲ್ಲ ಶ್ರೀಮಂತರ ಚಟವಲ್ಲವೇ ಎಂಬ ಪ್ರಶ್ನೆ ಸಹಜ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸ್ಥೆಯಿಂದ ಉಳಿದಿರುವ ಹಳೆಯ ಕಾರುಗಳನ್ನು ನೋಡಿದವರಿಗೆ, ಇದು ದೊಡ್ಡ ಸಂಸ್ಥೆಗಳೂ ದೊಡ್ಡ ನಗರಗಳೂ ಮಾಡಬೇಕಾದ ಕೆಲಸ ಎನ್ನಿಸಬಹುದು. ಆ ಸಂಗ್ರಹಗಳ ಬಗೆಗೆ ನನಗೆ ಗೌರವವಿದೆ. ಆದರೆ ಸಾಮಾನ್ಯ ಜನರ ಬದುಕಿನಲ್ಲಿ ದುಡಿದ ಗಾಡಿಗಳು ಎಲ್ಲವೂ ಸಂಗ್ರಹಾಲಯ ತಲುಪಲಾರವು. ಅವು ಉಳಿದರೆ ಊರುಗಳಲ್ಲೇ ಉಳಿಯಬೇಕು. ಅದಕ್ಕೆ ನಮ್ಮ ನಿಯಮಗಳು ಅನುವು ಮಾಡಿಕೊಡುತ್ತಿವೆಯೇ ಎಂಬುದು ನನ್ನ ಪ್ರಶ್ನೆ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ವಿಂಟೇಜ್ ವಾಹನಗಳಿಗೆ ಮೊದಲ ಬಾರಿಗೆ ಪ್ರತ್ಯೇಕ ಮಾನ್ಯತೆ ನೀಡಿತು. 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದ, ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳು ಇದಕ್ಕೆ ಅರ್ಹ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷಗಳ ಮಾನ್ಯತೆ. ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ್‍ಯಾಲಿ, ಇಂಧನ ತುಂಬಿಸುವುದು, ನಿರ್ವಹಣೆ ಮುಂತಾದವುಗಳಿಗೆ ಮಾತ್ರ ರಸ್ತೆಗಿಳಿಯಬಹುದು. ಇದು ವಿವೇಕದ ನಿಯಮ ಎಂಬುದರಲ್ಲಿ ಸಂಶಯವಿಲ್ಲ. ಹಾಗಾದರೆ ತೊಡಕೇನು?

ಯಾವುದೇ ವಾಹನದ ಮೌಲ್ಯವನ್ನು ರೇಖೆಯಾಗಿ ಬರೆದರೆ ಅದು ಬಟ್ಟಲಿನ ಆಕಾರದಲ್ಲಿರುತ್ತದೆ. ಹೊಸತಾಗಿದ್ದಾಗ ಎತ್ತರ, ಸವಕಳಿಯಾಗುತ್ತ ಇಳಿದು ತಳ ಮುಟ್ಟುತ್ತದೆ, ಬಹಳ ಕಾಲ ಬದುಕಿ ಉಳಿದರೆ ಅಪರೂಪವಾಗಿ ಮತ್ತೆ ಏರುತ್ತದೆ. ನಮ್ಮ ವ್ಯವಸ್ಥೆ ಭಾರವೆಲ್ಲವನ್ನೂ ಹೇರಿರುವುದು ಆ ಬಟ್ಟಲಿನ ತಳದಲ್ಲಿ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. 1998ರ ಪ್ರೀಮಿಯರ್ ಪದ್ಮಿನಿಯೊಂದು ಕುಂದಗೋಳದ ಯಾವುದೋ ಮನೆಯಲ್ಲಿದೆ ಎಂದಿಟ್ಟುಕೊಳ್ಳಿ. ಅದು ವಿಂಟೇಜ್ ಎನಿಸಿಕೊಳ್ಳಬೇಕಾದರೆ 2048 ಬರಬೇಕು. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಅದು ಬರೀ ಹಳೆಯ ಗಾಡಿ. ಮಾರಿದರೆ ಗುಜರಿಯ ದರ, ಇಟ್ಟುಕೊಂಡರೆ ಶುಲ್ಕದ ಹೊರೆ. ವಿವೇಕಿಯಾದ ಗೃಹಸ್ಥ ಏನು ಮಾಡುತ್ತಾನೆಂದು ಹೇಳಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಹಳೆಯ ಗಾಡಿಗಳು ಹೊಗೆ ಉಗುಳುತ್ತವೆ ಎಂಬ ಆಕ್ಷೇಪ ಸುಳ್ಳಲ್ಲ. ದಿನವೂ ಓಡುವ ಹಳೆಯ ವಾಹನಗಳಿಗೆ ಶುಲ್ಕ ಹೆಚ್ಚಿಸಿ ಅವನ್ನು ರಸ್ತೆಯಿಂದ ಸರಿಸುವ ನೀತಿಯನ್ನು ನಾನು ಬೆಂಬಲಿಸುತ್ತೇನೆ. ಆದರೆ ಸಮಾಜದ ಮೇಲೆ ಬೀಳುವ ಈ ವೆಚ್ಚ ನಿರ್ಧಾರವಾಗುವುದು ಗಾಡಿಯ ವಯಸ್ಸಿನಿಂದ ಮಾತ್ರವಲ್ಲ, ಅದು ಓಡಿದ ದೂರದಿಂದಲೂ. ವರ್ಷಕ್ಕೆ ಕೆಲವು ನೂರು ಕಿಲೋಮೀಟರು ಓಡುವ ಕಾರನ್ನೂ ನಿತ್ಯ ಓಡುವ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ, 30 ವರ್ಷ ದಾಟಿದ, ಮೂಲ ಸ್ವರೂಪ ಕಾಯ್ದುಕೊಂಡ, ನಿತ್ಯ ಸಾರಿಗೆಗೆ ಬಳಸದ ವಾಹನವನ್ನು ಐತಿಹಾಸಿಕ ಎಂದು ಪರಿಗಣಿಸುತ್ತದೆ. ಜರ್ಮನಿಯಲ್ಲಿಯೂ 30 ವರ್ಷಕ್ಕೆ ವಿಶೇಷ ನೋಂದಣಿಯುಂಟು. ನಮ್ಮಲ್ಲಿ 30ರಿಂದ 50 ವರ್ಷದ ವಾಹನಗಳಿಗೆ 'ಸಂರಕ್ಷಿತ ವಾಹನ' ಎಂಬ ಮಧ್ಯಂತರ ವರ್ಗವೊಂದನ್ನು ಮಾಡಬಹುದು. ಓಡಾಟಕ್ಕೆ ವಾರ್ಷಿಕ ಮಿತಿ ಹಾಕಲಿ, ತಪಾಸಣೆ ಕಟ್ಟುನಿಟ್ಟಾಗಿರಲಿ. ಆದರೆ ಶುಲ್ಕ ಇಳಿಯಲಿ.

ಎರಡನೆಯದಾಗಿ, ವಿಂಟೇಜ್ ನಿಯಮ ಕಾರು ಮತ್ತು ದ್ವಿಚಕ್ರಗಳಿಗಷ್ಟೇ ಸೀಮಿತವಾಗಿದೆ. ಗ್ರಾಮೀಣ ಧಾರವಾಡದ ಚರಿತ್ರೆ ಕಾರಿನಲ್ಲಿ ಮಾತ್ರ ಓಡಿದ್ದಲ್ಲ. ಹತ್ತಿಯ ಅಂಡಿಗೆಗಳನ್ನೂ ಮೆಣಸಿನಕಾಯಿಯ ಚೀಲಗಳನ್ನೂ ಹೊತ್ತ ಲಾರಿಗಳು, ಎರೆಭೂಮಿಯನ್ನು ಮೊದಲ ಬಾರಿಗೆ ಸೀಳಿದ ಟ್ರ್ಯಾಕ್ಟರುಗಳು ಅದರ ನಿಜವಾದ ಪಾತ್ರಧಾರಿಗಳು. ಅವಕ್ಕೆ ಈ ನಿಯಮದಲ್ಲಿ ಸ್ಥಾನವಿಲ್ಲ.

ಮೂರನೆಯದು ಕಾಗದದ ಸಮಸ್ಯೆ. ದೇಶದಲ್ಲಿ ಈಗಾಗಲೇ ನೋಂದಣಿಯಾಗಿದ್ದ ವಾಹನಕ್ಕೆ ಹಳೆಯ ನೋಂದಣಿ ಪುಸ್ತಕ ಬೇಕು. ನನ್ನ ಅದೃಷ್ಟಕ್ಕೆ ಅದು ವ್ಯಾಪಾರಿಯ ಮನೆಯ ಟ್ರಂಕಿನಲ್ಲಿ, ಹತ್ತಿಯ ಲೆಕ್ಕದ ಪಟ್ಟಿಗಳ ನಡುವೆ ಸಿಕ್ಕಿತು. ಗೆದ್ದಲು ತಿಂದ ಪುಸ್ತಕದವರು, ಮೂರು ತಲೆಮಾರಿನ ವಾರಸುದಾರರ ಸಹಿ ಒದಗಿಸಲಾಗದವರು ಏನು ಮಾಡಬೇಕು? ಮೂವತ್ತಕ್ಕೂ ಹೆಚ್ಚು ವರ್ಷ ಮೇಜಿನ ಆಚೆ ಕುಳಿತಿದ್ದ ನನಗೆ ಈಚೆ ನಿಂತಾಗಲಷ್ಟೇ ಈ ಪ್ರಶ್ನೆಯ ತೂಕ ತಿಳಿಯಿತು. ಪಂಚನಾಮೆ ಮತ್ತು ಸ್ಥಳೀಯ ವಿಚಾರಣೆಯ ಆಧಾರದಲ್ಲಿ ಮಾಲೀಕತ್ವ ನಿರ್ಧರಿಸುವುದು ಕಂದಾಯ ಆಡಳಿತಕ್ಕೆ ಹೊಸದೇನಲ್ಲ. ಇಲ್ಲಿಯೂ ಅದು ಸಾಧ್ಯ.

ಇವೆಲ್ಲಕ್ಕಿಂತ ತುರ್ತಿನದು ವಿದ್ಯೆಯ ಮಾತು. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ನಾಡೇ ಮೆಚ್ಚುತ್ತದೆ. ನೇಯುವ ಕೈ, ಅರಗಿನ ಬಣ್ಣ ಹಚ್ಚುವ ಕೈಗಳಂತೆಯೇ ಕಾರ್ಬ್ಯುರೇಟರಿನ ಉಸಿರು ಆಲಿಸುವ ಕೈಯೂ ಒಂದು ಕಸುಬಿನ ಪರಂಪರೆಗೆ ಸೇರಿದ್ದು ಎಂದು ನಾವೇಕೆ ಭಾವಿಸುವುದಿಲ್ಲ? ಜಿಲ್ಲೆಯ ಕೈಗಾರಿಕಾ ತರಬೇತಿ ಸಂಸ್ಥೆಗಳು ಇಂಥ ಹಿರಿಯ ಮಿಸ್ತ್ರಿಗಳನ್ನು ವರ್ಷಕ್ಕೆ ಕೆಲವು ವಾರ ಕರೆಸಿ, ಅವರಿಂದ ಹುಡುಗರಿಗೆ ಕಲಿಸುವ ಏರ್ಪಾಡು ಮಾಡಿದರೆ ತಗಲುವ ವೆಚ್ಚ ಅಲ್ಪ. ಮಿಸ್ತ್ರಿಯ ಮಗ ಹುಬ್ಬಳ್ಳಿಯ ಷೋರೂಮೊಂದರಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ದೋಷ ಯಾವುದೆಂದು ಹೇಳುವುದು ಕಂಪ್ಯೂಟರ್. ಅದು ತಪ್ಪಲ್ಲ. ಆದರೆ ತಂದೆಯ ವಿದ್ಯೆ ತಂದೆಯಲ್ಲಿಯೇ ನಿಲ್ಲುವಂತಿದೆ.

ತಿಂಗಳಿಗೊಮ್ಮೆ ನಾನು ಕಾರನ್ನು ನನ್ನ ಹಳ್ಳಿಯಿಂದ ನವಲಗುಂದದ ಗ್ಯಾರೇಜಿಗೆ ಒಯ್ಯುತ್ತೇನೆ. ನಿರ್ವಹಣೆಗೆಂದು ಹೋಗಲು ನಿಯಮವೇ ಅನುಮತಿ ಕೊಟ್ಟಿದೆಯಲ್ಲ. ಹೆಚ್ಚಿನ ಸಲ ಮಾಡುವ ಕೆಲಸವೇನೂ ಇರುವುದಿಲ್ಲ. ಮಿಸ್ತ್ರಿ ಎಂಜಿನ್ನಿನ ಸದ್ದು ಕೇಳಿಸಿಕೊಳ್ಳುತ್ತಾರೆ, ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುತ್ತಾರೆ, ಚಹಾ ತರಿಸುತ್ತಾರೆ. ಕಳೆದ ಸಲ, 'ನನ್ನ ಹಿಂದ ಇದನ್ನ ನೋಡಾವ್ರು ಯಾರ್ರಿ ಸಾಹೇಬ್ರ?' ಎಂದು ಕೇಳಿದರು. ಒಂದು ಕಾಲದಲ್ಲಿ ಓದದೆಯೇ ಸಹಿ ಹಾಕಿದ್ದವನು ನಾನು. ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಅಧಿಕಾರದಲ್ಲಿರುವವರು ಈ ಪ್ರಶ್ನೆಯನ್ನಾದರೂ ಓದಿ ನೋಡಲಿ ಎಂಬುದಷ್ಟೇ ನನ್ನ ಕೋರಿಕೆ.