ಮಿಥುನ ರಾಶಿಯ ಅವಳಿ ಸೋದರರು

ಮಾಘ ಫಾಲ್ಗುಣ ಮಾಸಗಳ ಇರುಳಿನ ಮೊದಲ ಯಾಮದಲ್ಲಿ, ನೆತ್ತಿಯಿಂದ ತುಸು ಉತ್ತರಕ್ಕೆ, ಎರಡು ಉಜ್ವಲ ತಾರೆಗಳು ಜೊತೆಜೊತೆಯಾಗಿ ಬೆಳಗುತ್ತವೆ. ಇವೇ ಮಿಥುನ ರಾಶಿಯ ಎರಡು ಶಿರಸ್ಸುಗಳು. ನಮ್ಮ ಪುನರ್ವಸು ನಕ್ಷತ್ರವೂ ಇವೇ. ಸಂಸ್ಕೃತದಲ್ಲಿ ಪುನರ್ವಸು ಶಬ್ದವು ದ್ವಿವಚನದಲ್ಲಿ ಪ್ರಯೋಗವಾಗುವುದು ಈ ಜೋಡಿಯಿಂದಲೇ.

ವರಾಹಮಿಹಿರನು ಬೃಹಜ್ಜಾತಕದಲ್ಲಿ ಮಿಥುನಕ್ಕೆ 'ಜಿತುಮ'ವೆಂಬ ಪರ್ಯಾಯನಾಮವನ್ನು ಹೇಳಿದ್ದಾನೆ. ಅವಳಿಗಳೆಂಬ ಅರ್ಥದ 'ದಿದುಮೊಯ್' ಎಂಬ ಗ್ರೀಕ್ ಪದದ ರೂಪಾಂತರವಿದು. ಹೆಸರು ಬಂದರೂ ರೂಪ ಮಾತ್ರ ಹಾಗೆಯೇ ಬರಲಿಲ್ಲ. ವರಾಹಮಿಹಿರನ ಮಿಥುನವು ಗದೆ ಹಿಡಿದ ಪುರುಷ ಮತ್ತು ವೀಣೆ ಹಿಡಿದ ಸ್ತ್ರೀ. ಗ್ರೀಕರ ಮಿಥುನವಾದರೋ ಸೋದರರಿಬ್ಬರು.

ಸ್ಪಾರ್ಟಾದ ರಾಣಿ ಲೀಡಾಳ ಮಕ್ಕಳು ಕ್ಯಾಸ್ಟರ್ ಮತ್ತು ಪಾಲಕ್ಸ್. ಕ್ಯಾಸ್ಟರನು ರಾಜ ಟಿಂಡೇರಿಯಸನ ಮಗ, ಮರ್ತ್ಯ. ಪಾಲಕ್ಸನು ದೇವರಾಜ ಜ್ಯೂಸನ ಮಗ, ಅಮರ. ಅವನು ಕುದುರೆಗಳನ್ನು ಪಳಗಿಸುವುದರಲ್ಲಿ ನಿಪುಣ, ಇವನು ಮುಷ್ಟಿಯುದ್ಧದಲ್ಲಿ ಅಜೇಯ. ಹುಟ್ಟು ಬೇರೆಯಾದರೂ ಬಾಳು ಒಂದೇ ಆಗಿದ್ದಿತು.

ಒಮ್ಮೆ ದಾಯಾದಿಗಳಾದ ಐಡಸ್, ಲಿನ್ಸಿಯಸರೊಡನೆ ಗೋವುಗಳ ನಿಮಿತ್ತ ಕಲಹವುಂಟಾಯಿತು. ಐಡಸನ ಈಟಿಗೆ ಕ್ಯಾಸ್ಟರನು ನೆಲಕ್ಕುರುಳಿದನು. ಪಾಲಕ್ಸನು ಲಿನ್ಸಿಯಸನನ್ನು ಸಂಹರಿಸಿದನು. ಐಡಸನು ಜ್ಯೂಸನ ಸಿಡಿಲಿಗೆ ಆಹುತಿಯಾದನು. ಆದರೆ ಗೆಲುವಿನಿಂದ ಸೋದರನು ಮರಳಿ ಬಂದಾನೆಯೆ? ತನಗೂ ಮರಣವನ್ನು ಕರುಣಿಸೆಂದು ಪಾಲಕ್ಸನು ತಂದೆಯನ್ನು ಬೇಡಿದನು. ಒಬ್ಬನೇ ಸ್ವರ್ಗದಲ್ಲಿ ಚಿರಕಾಲ ಇರುವೆಯೋ, ಇಬ್ಬರೂ ಕೂಡಿ ಒಂದು ದಿನ ಭೂಮಿಯ ಕೆಳಗೆ, ಒಂದು ದಿನ ಸ್ವರ್ಗದಲ್ಲಿ ಇರುವಿರೋ ಎಂದು ಜ್ಯೂಸನು ಕೇಳಿದನು. ಪಾಲಕ್ಸನು ಎರಡನೆಯದನ್ನು ಆರಿಸಿಕೊಳ್ಳಲು ಕ್ಷಣವೂ ಯೋಚಿಸಲಿಲ್ಲವೆಂದು ಕ್ರಿಸ್ತಪೂರ್ವ 5ನೆಯ ಶತಮಾನದ ಕವಿ ಪಿಂಡಾರನು ವರ್ಣಿಸಿದ್ದಾನೆ. ಈ ಸೋದರರನ್ನೇ ಗ್ರೀಕರು ಆಗಸದ ಈ ಜೋಡಿತಾರೆಗಳಲ್ಲಿ ಕಂಡರು.

ಇಂದಿನ ಖಗೋಳಶಾಸ್ತ್ರದ ಪ್ರಕಾರ ಪಾಲಕ್ಸ್ ತಾರೆಯು ನಮಗೆ ಸುಮಾರು 34 ಜ್ಯೋತಿರ್ವರ್ಷ ದೂರದಲ್ಲಿದೆ. ಕ್ಯಾಸ್ಟರ್ ಸುಮಾರು 51. ಕಣ್ಣಿಗೆ ಒಂದಾಗಿ ತೋರುವ ಕ್ಯಾಸ್ಟರ್ ವಾಸ್ತವವಾಗಿ ಆರು ತಾರೆಗಳ ಕುಟುಂಬ. ಹೀಗೆ ಒಂದರ ಪಕ್ಕದಲ್ಲೊಂದು ತೋರುವ ಇವುಗಳ ನಡುವೆ ಅಪಾರವಾದ ಅಂತರವಿದೆ. ಅವುಗಳನ್ನು ಬೆಸೆದುದು ಮಾನವನ ಕಲ್ಪನೆ. ಆ ಕಲ್ಪನೆಯ ತಿರುಳಾದರೂ ಸುಳ್ಳಲ್ಲ: ಒಬ್ಬನೇ ಉಣ್ಣುವ ಅಮೃತಕ್ಕಿಂತ ಹಂಚಿಕೊಂಡ ಅರ್ಧಾಯುಷ್ಯವೇ ಮೇಲು.