ನಿಮಗಿದು ಗೊತ್ತೆ? ಗಿಟಾರ್‌ನಲ್ಲಿ ಕಿರುಬೆರಳಿಗೆ ರಜೆ!

ಕಾನಹೊಸಹಳ್ಳಿ, ಕೂಡ್ಲಿಗಿ ಸೀಮೆಯವರಿಗೆ ತಂತಿ ಮೀಟುವುದು ಹೊಸದಲ್ಲ. ಜೋಗತಿಯರ ಚೌಡಿಕೆ, ತತ್ವಪದಕಾರರ ಏಕತಾರಿ ಎರಡಕ್ಕೂ ಇರುವುದು ಒಂದೇ ತಂತಿ. 

ಗಿಟಾರ್‌ಗಾದರೋ ಆರು ತಂತಿ. ಬರಿಬೆರಳಿನಿಂದ ನುಡಿಸುವಾಗ ಬಲಗೈಯಲ್ಲಿ ಕೆಲಸ ಹಂಚಿಕೆಯಾಗುತ್ತದೆ. ಮೇಲಿನ ಮೂರು ದಪ್ಪ ತಂತಿ ಹೆಬ್ಬೆರಳಿಗೆ. ಕೆಳಗಿನ ಮೂರು ತೋರು, ನಡು, ಉಂಗುರ ಬೆರಳಿಗೆ ಒಂದೊಂದು. ಕಿರುಬೆರಳು ಸಾಮಾನ್ಯವಾಗಿ ಸುಮ್ಮನಿರುತ್ತದೆ. ವೀಣೆಯಲ್ಲಾದರೆ ತಾಳದ ಮೂರು ತಂತಿಗಳ ಹೊಣೆ ಅದರದೇ!

ಹೊಸಬರು ತಂತಿಯನ್ನು ಹೊರಕ್ಕೆ ಎಳೆದುಬಿಡುತ್ತಾರೆ, ಅದು ಫಟ್ಟೆಂದು ಹಲಗೆಗೆ ಬಡಿಯುತ್ತದೆ. ಬೆರಳು ಅಂಗೈಯತ್ತ ಮಡಚಬೇಕು. ಹೆಬ್ಬೆರಳು ಉಳಿದವಕ್ಕಿಂತ ತುಸು ಮುಂದಿರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಡಿಕ್ಕಿ. ಎಡಗೈಯಿಂದ ತಂತಿ ಒತ್ತದೆ ಹೆಬ್ಬೆರಳು, ತೋರು, ನಡು, ಉಂಗುರ, ನಡು, ತೋರು ಎಂದು ಆರರ ಎಣಿಕೆಯಲ್ಲಿ ಮೀಟುವುದು ಮೊದಲ ಪಾಠ. ವೇಗ ಬೇಡ, ಆರೂ ಪೆಟ್ಟು ಒಂದೇ ಅಳತೆಗೆ ಬೀಳಲಿ.

ಈ ಹಂಚಿಕೆಯನ್ನೇ ತಲೆಕೆಳಗು ಮಾಡಿದವರೂ ಇದ್ದಾರೆ. ಅಮೆರಿಕದ ಎಲಿಜಬೆತ್ ಕಾಟನ್ ಎಡಚಿ. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು, ತಂತಿ ಬದಲಿಸದೆ, ದಪ್ಪ ತಂತಿಗಳನ್ನು ಬೆರಳಿನಿಂದಲೂ ರಾಗವನ್ನು ಹೆಬ್ಬೆರಳಿನಿಂದಲೂ ನುಡಿಸಿದರು. 1985ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ, ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ಮೊದಲ ಗಿಟಾರ್ ಕೊಳ್ಳುವವರು ನೈಲಾನ್ ತಂತಿಯದನ್ನು ನೋಡಿ. ಬೆರಳಿಗೆ ನೋವು ಕಡಿಮೆ, ತಂತಿಗಳ ನಡುವೆ ಜಾಗವೂ ಹೆಚ್ಚು.