ರಾಟೆ, ದಾರ, ಎರಡು ತೂಕ: ನ್ಯೂಟನ್‌ನ ಎರಡನೇ ನಿಯಮ ನಿಜವೇ?

ಕೈಬಿಟ್ಟ ಕಲ್ಲು ಒಂದು ಮೀಟರ್ ಬೀಳಲು ಅರ್ಧ ಸೆಕೆಂಡ್ ಕೂಡ ಬೇಡ. ಇನ್ನು ಅಳೆಯೋದು ಹೇಗೆ? ಕೇಂಬ್ರಿಜ್‌ನ ಜಾರ್ಜ್ ಅಟ್‌ವುಡ್ 1784ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೊಂದು ಉಪಾಯವಿದೆ: ರಾಟೆಯ ಮೇಲೆ ದಾರ ಹಾಕಿ, ಎರಡೂ ತುದಿಗೆ ತೂಕ ಕಟ್ಟಿ, ಬೀಳೋದನ್ನೇ ನಿಧಾನ ಮಾಡಿಬಿಡೋದು. ವೆಸ್ಟ್‌ಲ್ಯಾಂಡ್ಸ್‌ನ ನಮ್ಮ ಫ್ಲ್ಯಾಟುಗಳಲ್ಲಿ ಬಾವಿ ಇಲ್ಲದಿದ್ದರೂ ಸಣ್ಣ ರಾಟೆಯೊಂದನ್ನು ಬಾಗಿಲ ಮೇಲೆ ಸಿಕ್ಕಿಸಬಹುದು.

ಒಂದು ಕಡೆ 210 ಗ್ರಾಂ, ಇನ್ನೊಂದು ಕಡೆ 190 ಗ್ರಾಂ ಇರಲಿ. ಎಳೆಯುವ ಬಲ ಕೊಡೋದು 20 ಗ್ರಾಂ ವ್ಯತ್ಯಾಸ ಮಾತ್ರ. ಆದರೆ ಚಲಿಸಬೇಕಾದ್ದು 400 ಗ್ರಾಂ ಪೂರ್ತಿ. ಹಾಗಾಗಿ ವೇಗೋತ್ಕರ್ಷ ಗುರುತ್ವದ ಇಪ್ಪತ್ತನೇ ಒಂದು ಭಾಗ. ಒಂದು ಮೀಟರ್ ಇಳಿಯಲು ಸುಮಾರು 2.02 ಸೆಕೆಂಡ್. ಈಗ ಭಾರದ ಕಡೆಯಿಂದ 5 ಗ್ರಾಂ ಬಿಲ್ಲೆ ತೆಗೆದು ಹಗುರದ ಕಡೆಗೆ ಹಾಕಿ. ವ್ಯತ್ಯಾಸ 10 ಗ್ರಾಂ ಆಯ್ತು, ಒಟ್ಟು 400 ಹಾಗೇ ಉಳಿಯಿತು. ಹೊಸ ಬಿಲ್ಲೆ ಸೇರಿಸುತ್ತಾ ಹೋದರೆ ಬಲವೂ ದ್ರವ್ಯರಾಶಿಯೂ ಒಟ್ಟಿಗೆ ಬದಲಾಗಿ, ಯಾವುದರಿಂದ ಏನಾಯ್ತು ಅಂತ ಹೇಳೋಕೆ ಆಗಲ್ಲ. ಈ ಪ್ರಯೋಗದ ಜೀವ ಇರೋದೇ ಈ ಅದಲುಬದಲಿನಲ್ಲಿ.

ಇನ್ನು ತಕರಾರು ಶುರು. ರಾಟೆಯ ಘರ್ಷಣೆ 2 ಗ್ರಾಂ ಬಲದಷ್ಟಿದೆ ಅಂದುಕೊಳ್ಳಿ. ವ್ಯತ್ಯಾಸ 10 ಗ್ರಾಂ ಇದ್ದಾಗ ಅದು ಬಲದ 20% ನುಂಗುತ್ತೆ. 40 ಗ್ರಾಂ ಇದ್ದಾಗ 5% ಮಾತ್ರ. ಹಾಗಂತ ವ್ಯತ್ಯಾಸ ಹೆಚ್ಚಿಸಿದರೆ ತೂಕ 1.4 ಸೆಕೆಂಡಿನಲ್ಲೇ ಕೆಳಗೆ ಬಂದುಬಿಡುತ್ತೆ. ಆಗ ಸ್ಟಾಪ್‌ವಾಚ್ ಒತ್ತುವಾಗ 0.1 ಸೆಕೆಂಡ್ ತಪ್ಪಿದರೂ, ಕಾಲದ ವರ್ಗ ಬರೋದರಿಂದ, ವೇಗೋತ್ಕರ್ಷದಲ್ಲಿ 14% ದೋಷ. ಮೊಬೈಲ್ ವಿಡಿಯೋ ಇದಕ್ಕಿಂತ ಎಷ್ಟೋ ವಾಸಿ: ಸೆಕೆಂಡಿಗೆ 30 ಚಿತ್ರ.

ತೂಕದ ವ್ಯತ್ಯಾಸ ಅಡ್ಡಕ್ಕೆ, ವೇಗೋತ್ಕರ್ಷ ಉದ್ದಕ್ಕೆ ಹಾಕಿ ಗ್ರಾಫ್ ಎಳೆದರೆ ನೇರ ಗೆರೆ ಬರುತ್ತೆ, ಆದರೆ ಸೊನ್ನೆಯ ಮೂಲಕ ಹೋಗಲ್ಲ. ಪಾಠದಲ್ಲಿದ್ದಂತೆ ಕಾಣಲಿ ಅಂತ ರೆಕಾರ್ಡ್ ಪುಸ್ತಕದಲ್ಲಿ ಅದನ್ನು ಎಳೆದು ಸೊನ್ನೆಗೆ ಸೇರಿಸೋ ಚಾಳಿ ನಮ್ಮಲ್ಲಿ ಬಹಳ. ದಯವಿಟ್ಟು ಬೇಡ! ಗೆರೆ ಅಡ್ಡ ಅಕ್ಷವನ್ನು ಕಡಿಯುವ ಜಾಗವೇ ಘರ್ಷಣೆಯ ಅಳತೆ. ಅದನ್ನು ಅಳಿಸಿದರೆ ಕೈಗೆ ಬಂದ ಮಾಹಿತಿಯನ್ನೇ ಅಳಿಸಿದಂತೆ. ಗೆರೆಯ ಇಳಿಜಾರು ಲೆಕ್ಕಕ್ಕಿಂತ ಕಡಿಮೆ ಬಂದರೂ ಗಾಬರಿ ಬೇಡ. ರಾಟೆಯೂ ತಿರುಗಬೇಕಲ್ಲ! 50 ಗ್ರಾಂನ ಗಟ್ಟಿ ತಟ್ಟೆಯಂಥ ರಾಟೆ, ಒಟ್ಟಿಗೆ 25 ಗ್ರಾಂ ಸೇರಿಸಿದ ಹಾಗೆ.

ಅಂದಹಾಗೆ, ನೈರೋಬಿ ಭೂಮಧ್ಯರೇಖೆಗೆ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರ. ಇಲ್ಲಿ ಗುರುತ್ವ ವೇಗೋತ್ಕರ್ಷ 9.81 ಅಲ್ಲ, ಸುಮಾರು 9.78. ನಮ್ಮ ದಾರಕ್ಕೂ ರಾಟೆಗೂ ಈ ವ್ಯತ್ಯಾಸ ಕಾಣಲ್ಲ, ಆದರೂ ಲೆಕ್ಕದಲ್ಲಿ ಇಲ್ಲಿಯದನ್ನೇ ಬರೆಯಿರಿ.